ಸಂಗೀತಕ್ಕೆ ಜನರು ಈಗಲೂ ಹಣ ತೆರುತ್ತಾರೆಯೆ?

ಸಂಗೀತಕ್ಕೆ ಹಣ ಕೊಡುವ ಕಾಲವು ಕಳೆದುಹೋಯಿತೆಂಬ ಮಾತನ್ನು ಈಚೆಗೆ ನಾವು ಎಲ್ಲೆಲ್ಲಿಯೂ ಕೇಳುತ್ತಿದ್ದೇವೆ. ಫೋನಿನಲ್ಲಿ ಹೆಸರನ್ನು ಬರೆದ ಮಾತ್ರಕ್ಕೆ ಬೇಕಾದ ಹಾಡು ಬೇಕಾದ ಹೊತ್ತಿನಲ್ಲಿ ಕೇಳಿಬರುವಾಗ, ಹೊಳೆಯ ನೀರಿಗೆ ಬೆಲೆಯನ್ನು ಯಾರು ಕೊಟ್ಟಾರು ಎಂದು ಸಂಗೀತಗಾರರು ನಿಟ್ಟುಸಿರು ಬಿಡುತ್ತಾರೆ. ಇದಕ್ಕೆ ಪ್ರತಿಯಾಗಿ ಧ್ವನಿಮುದ್ರಣದ ವ್ಯಾಪಾರಸ್ಥರು ತಮ್ಮ ಲೆಕ್ಕದ ಪಟ್ಟಿಗಳನ್ನು ಮುಂದಿಟ್ಟು, ಜನರು ಹಿಂದೆಂದೂ ಕೊಡದಷ್ಟು ಹಣವನ್ನು ಈಗ ಕೊಡುತ್ತಿರುವರೆಂದೂ ಉದ್ಯಮಕ್ಕೆ ಮತ್ತೆ ಸುಭಿಕ್ಷಕಾಲವು ಬಂದಿರುವುದೆಂದೂ ಸಾಧಿಸುತ್ತಾರೆ. ಈ ಎರಡು ಪಕ್ಷಗಳನ್ನೂ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಕೊಟ್ಟ ಹಣವು ಕೇಳಿದ ಹಾಡಿಗೆ ಸಲ್ಲುತ್ತದೆಯೆ ಎಂಬ ಪ್ರಶ್ನೆಯನ್ನು ಉಭಯಪಕ್ಷದವರೂ ಕೇಳದೆ ಬಿಟ್ಟಿದ್ದಾರೆ. ನನ್ನ ಎಣಿಕೆಯಂತೆ ವಿಚಾರಮಾಡತಕ್ಕದ್ದು ಅದನ್ನೇ.

ಮೊದಲು ಈ ಹೊಸ ಪದ್ಧತಿಯ ಸ್ವರೂಪವನ್ನು ಸಂಗ್ರಹವಾಗಿ ಹೇಳಿಬಿಡುತ್ತೇನೆ. ‘ಸ್ಟ್ರೀಮಿಂಗ್’ ಎಂದು ಕರೆಯಲ್ಪಡುವ ಈ ಏರ್ಪಾಡಿನಲ್ಲಿ ಕೇಳುಗನು ಹಾಡನ್ನು ಕೊಂಡುಕೊಳ್ಳುವುದಿಲ್ಲ. ಹಾಡುಗಳೆಲ್ಲವೂ ಕಂಪೆನಿಯ ಉಗ್ರಾಣದಲ್ಲಿಯೇ ಇರುತ್ತವೆ. ಕೇಳುವಷ್ಟು ಹೊತ್ತು ಮಾತ್ರ ಅವು ಇವನ ಬಳಿಗೆ ಹರಿದುಬರುತ್ತವೆ. ತಿಂಗಳಿಗೆ ಇಷ್ಟೆಂದು ಚಂದಾ ಕೊಟ್ಟವನಿಗೆ ನಡುನಡುವೆ ಜಾಹೀರಾತಿನ ಕಾಟವಿಲ್ಲ. ಕೊಡದವನು ಆ ಕಾಟವನ್ನು ಸಹಿಸಿಕೊಂಡು ಕೇಳುತ್ತಾನೆ. 2006ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಸ್ಥಾಪಿತವಾಗಿ 2008ರಲ್ಲಿ ಬಳಕೆಗೆ ಬಂದ ಸ್ಪಾಟಿಫೈ ಎಂಬುದು ಇಂತಹ ಸಂಸ್ಥೆಗಳಲ್ಲಿ ಪ್ರಸಿದ್ಧವಾದುದು. ಅದು ಭಾರತಕ್ಕೆ ಬಂದುದು 2019ರ ಫೆಬ್ರವರಿಯಲ್ಲಿ. ಆಗ ಅದರ ಚಂದಾ ತಿಂಗಳಿಗೆ 119 ರೂಪಾಯಿ. ಅಷ್ಟು ಹೊತ್ತಿಗಾಗಲೇ ಗಾನಾ, ಜಿಯೋಸಾವನ್, ವಿಂಕ್ ಮೊದಲಾದವು ನಮ್ಮ ಜನರಿಗೆ ಪರಿಚಿತವಾಗಿದ್ದವು.

ಇನ್ನು ವ್ಯಾಪಾರಸ್ಥರ ಪಕ್ಷವನ್ನು ನೋಡೋಣ. ಧ್ವನಿಮುದ್ರಣೋದ್ಯಮದ ಅಂತರರಾಷ್ಟ್ರೀಯ ಒಕ್ಕೂಟವು ವರ್ಷವರ್ಷವೂ ಪ್ರಕಟಿಸುವ ವರದಿಗಳಂತೆ, ಮುದ್ರಿತ ಸಂಗೀತದಿಂದ ಪ್ರಪಂಚದಲ್ಲಿ ಬರುತ್ತಿದ್ದ ಒಟ್ಟು ಹುಟ್ಟುವಳಿಯು 1999ರಲ್ಲಿ 2,000 ಕೋಟಿ ಡಾಲರುಗಳನ್ನು ಮೀರಿದ್ದಿತು. ಅದೇ ವರ್ಷ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಹುಟ್ಟಿ, ಒಬ್ಬನ ಯಂತ್ರದಲ್ಲಿದ್ದ ಹಾಡನ್ನು ಸಾವಿರಾರು ಮಂದಿ ಬಿಟ್ಟಿಯಾಗಿ ನಕಲುಮಾಡಿಕೊಳ್ಳುವ ಮಾರ್ಗವನ್ನು ತೆರೆಯಿತು. 2001ರಲ್ಲಿ ಅದು ನ್ಯಾಯಾಲಯದ ಆಜ್ಞೆಯ ಫಲವಾಗಿ ನಿಂತಿತಾದರೂ ಜನರು ಕಲಿತ ಅಭ್ಯಾಸವು ನಿಲ್ಲಲಿಲ್ಲ. 2014ರ ಸುಮಾರಿಗೆ ಆ ಹುಟ್ಟುವಳಿಯು 1,500 ಕೋಟಿ ಡಾಲರುಗಳಿಗಿಂತ ಕೆಳಗಿಳಿದಿದ್ದಿತು. ಅಲ್ಲಿಂದ ಮೇಲಕ್ಕೇರತೊಡಗಿ 2024ರಲ್ಲಿ 2,960 ಕೋಟಿಯಾಯಿತು. ಇದರಲ್ಲಿ 2,040 ಕೋಟಿ ಬಂದುದು ಸ್ಟ್ರೀಮಿಂಗಿನಿಂದ. ಆ ವರ್ಷ ಚಂದಾ ತೆತ್ತ ಖಾತೆಗಳ ಮೂಲಕ ಸಂಗೀತವನ್ನು ಕೇಳುತ್ತಿದ್ದವರು ಸುಮಾರು 75 ಕೋಟಿ ಮಂದಿ. ಜನರು ಹಣ ಕೊಡುವುದನ್ನು ಮರೆತರೆಂಬ ವಾದವು ಈ ಅಂಕಿಗಳ ಮುಂದೆ ನಿಲ್ಲಲಾರದು.

ಆದರೂ ಈ ಅಂಕಿಗಳನ್ನು ತೋರಿಸಿ ಸುಭಿಕ್ಷವನ್ನು ಸಾರುವವರು ಒಂದು ಸಣ್ಣ ವಿಷಯವನ್ನು ಮರೆಯುತ್ತಾರೆ. 1999ರ ಡಾಲರೂ 2024ರ ಡಾಲರೂ ಒಂದೇ ಅಲ್ಲ. ಆ ಇಪ್ಪತ್ತೈದು ವರ್ಷಗಳಲ್ಲಿ ಅಮೆರಿಕದ ಸಾಮಾನ್ಯ ಬೆಲೆಗಳು ಒಂದೂಮುಕ್ಕಾಲು ಪಟ್ಟಿಗಿಂತ ಹೆಚ್ಚಾದುವು. ಅದನ್ನು ಕಳೆದು ನೋಡಿದರೆ, ಪ್ರಪಂಚವೆಲ್ಲ ಕೂಡಿ ಮುದ್ರಿತ ಸಂಗೀತಕ್ಕೆ ಕೊಡುತ್ತಿರುವ ಹಣವು 1999ರ ಮಟ್ಟವನ್ನು ಇನ್ನೂ ಮುಟ್ಟಿಲ್ಲ. ಸ್ಪಾಟಿಫೈ ಅಮೆರಿಕದಲ್ಲಿ 2011ರಲ್ಲಿ ಗೊತ್ತುಮಾಡಿದ 9 ಡಾಲರು 99 ಸೆಂಟುಗಳ ಮಾಸಿಕ ಚಂದಾವನ್ನು 2023ರ ವರೆಗೂ ಏರಿಸಲೇ ಇಲ್ಲ. ಅಕ್ಕಿ ಬೇಳೆಗಳ ಬೆಲೆ ಏರುತ್ತಿರಲು ಹಾಡಿನ ಬೆಲೆಯೊಂದೇ ಹನ್ನೆರಡು ವರ್ಷ ನಿಂತಲ್ಲಿಯೇ ನಿಂತಿತ್ತು. ಕೊಡುವವರ ಸಂಖ್ಯೆಯು ಹೆಚ್ಚಿರುವುದು ನಿಜ. ಒಬ್ಬೊಬ್ಬನು ಕೊಡುವುದು ಹೆಚ್ಚಿಲ್ಲ.

ಸಂಗೀತಗಾರರ ಪಕ್ಷದ ವಿಚಾರವು ಇದಕ್ಕಿಂತ ಸ್ವಾರಸ್ಯವಾದುದು. ‘ಹಿಂದೆ ಜನರು ಹಣ ಕೊಟ್ಟು ಕೇಳುತ್ತಿದ್ದರು, ಈಗ ಬಿಟ್ಟಿ ಕೇಳುತ್ತಾರೆ’ ಎಂಬುದು ಅವರ ಅಳಲಿನ ಸಾರ. ಯೂರೋಪು ಅಮೆರಿಕಗಳ ಮಟ್ಟಿಗೆ ಈ ಮಾತು ಸಲ್ಲಬಹುದು. ನಮ್ಮ ದೇಶದಲ್ಲಿ ಈ ‘ಹಿಂದೆ’ ಎಂಬುದು ಯಾವಾಗ ಇದ್ದಿತೆಂದು ಹುಡುಕಿದರೆ ಸುಲಭವಾಗಿ ಸಿಕ್ಕುವುದಿಲ್ಲ. ಅರಮನೆಯಲ್ಲಿ ಹಾಡಿದವರಿಗೆ ಅರಸನು ಸಂಬಳ ಕೊಟ್ಟನು, ಸಭಿಕರು ಕೇಳಿ ತಲೆದೂಗಿದರು. ದೇವಾಲಯದ ನಾಗಸ್ವರಕ್ಕೆ ಮಾನ್ಯದ ಭೂಮಿ ಇದ್ದಿತು; ರಥಬೀದಿಯಲ್ಲಿ ನಿಂತು ಕೇಳಿದವನು ಕಾಸು ಕೊಡಲಿಲ್ಲ. ಗಣೇಶೋತ್ಸವ ರಾಮೋತ್ಸವಗಳ ಕಚೇರಿಗಳಿಗೆ ಬೀದಿಯವರು ಚಂದಾ ಎತ್ತಿದರು, ಕೊಟ್ಟವನೂ ಕೊಡದವನೂ ಒಂದೇ ಚಪ್ಪರದಡಿಯಲ್ಲಿ ಕುಳಿತರು. ‘ಸರ್ವರಿಗೂ ಸ್ವಾಗತ’ ಎಂದು ಕೆಳಗೆ ಅಚ್ಚುಹಾಕಿದ ಕಚೇರಿಯ ಕರಪತ್ರವು ಬೆಂಗಳೂರಿನಲ್ಲಿ ಈಗಲೂ ವಿರಳವಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿ ‘ಆಕಾಶವಾಣಿ’ಯೆಂಬ ಹೆಸರಿಗೆ ಕಾರಣವಾದ ಬಾನುಲಿಯ ಕಾಲದಿಂದ ಮುಂದಕ್ಕೂ, ರೇಡಿಯೋ ಇಟ್ಟುಕೊಂಡವನು ಅಂಚೆಕಚೇರಿಯಲ್ಲಿ ಲೈಸೆನ್ಸಿನ ಹಣವನ್ನು ಕಟ್ಟಿದನೇ ಹೊರತು ಹಾಡಿನ ಬೆಲೆಯನ್ನಲ್ಲ; ಓಣಿಯ ಹೋಟೆಲಿನಲ್ಲಿ ಕುಳಿತು ಕೇಳಿದವನು ಕಾಫಿಯ ಬೆಲೆಯನ್ನು ಮಾತ್ರ ಕೊಟ್ಟನು. ಕೆಲವರು ಕೊಡುವುದು, ಎಲ್ಲರೂ ಕೇಳುವುದು: ಇದೇ ನಮ್ಮಲ್ಲಿ ರೂಢಿಯಾಗಿದ್ದ ಸಂಪ್ರದಾಯ. ಇದನ್ನು ಕಳ್ಳತನವೆಂದು ಯಾರೂ ಎಣಿಸಿರಲಿಲ್ಲ. ಕೊಡುವವರು ಯಾರಿಗಾಗಿ ಕೊಡುತ್ತಿದ್ದೇವೆಂಬುದನ್ನು ಬಲ್ಲವರಾಗಿದ್ದರು; ಅದೊಂದೇ ಆ ಪದ್ಧತಿಯ ಆಧಾರ.

ಗ್ರಾಮಫೋನು ಬಂದ ಮೇಲೆ ಮೊದಲಬಾರಿಗೆ ಹಾಡು ಅಂಗಡಿಯಲ್ಲಿ ಸಿಕ್ಕುವ ಪದಾರ್ಥವಾಯಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ಗೌಹರ್ ಜಾನಳ ಗಾನವನ್ನು ಮುದ್ರಿಸಿಕೊಂಡನು. ಹಾಡು ಮುಗಿಯುತ್ತಲೇ ಆಕೆಯು ‘ನನ್ನ ಹೆಸರು ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಹೇಳುವುದು ಆ ತಟ್ಟೆಗಳಲ್ಲಿ ಕೇಳಿಬರುತ್ತದೆ. ಅದು ಜಂಬದ ಮಾತಲ್ಲ. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವುದು ಯಾರ ಹಾಡೆಂದು ತಿಳಿದು ಸರಿಯಾದ ಚೀಟಿಯನ್ನು ಅಂಟಿಸಲು ಅನುಕೂಲವಾಗಲೆಂದು ಮಾಡಿದ ಏರ್ಪಾಡು ಅದು. ಈಕೆಯೇ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡವಳು. ಅಷ್ಟೊಂದು ತಟ್ಟೆಗಳಲ್ಲಿ ಹಾಡಿ ದೇಶವಿಖ್ಯಾತಳಾದವಳಿಗೆ ಕಡೆಗಾಲದಲ್ಲಿ ಆಸರೆಯಾದುದು ಅರಮನೆಯ ಸಂಬಳವೆಂಬುದನ್ನು, ತಟ್ಟೆಯ ವ್ಯಾಪಾರದ ಕಾಲವನ್ನು ಚಿನ್ನದ ಕಾಲವೆಂದು ಕೊಂಡಾಡುವವರು ನೆನೆಯಬೇಕು.

ಕ್ಯಾಸೆಟ್ಟಿನ ಕಾಲವನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಆಗ ಹಾಡನ್ನು ಕೊಂಡವರು ಲಕ್ಷಾಂತರ ಮಂದಿ ಎಂಬುದು ದಿಟ. ಆದರೆ ಆ ಹಣವೆಲ್ಲ ಹಾಡಿದವರಿಗೆ ಮುಟ್ಟಿತೆಂದು ಭಾವಿಸಬಾರದು. ನಾನೂ ನನ್ನ ಸ್ನೇಹಿತರೂ ಬೇಕಾದ ಹಾಡುಗಳ ಪಟ್ಟಿಯನ್ನು ಬರೆದುಕೊಂಡು ಬೀದಿಯ ಅಂಗಡಿಗೆ ಹೋಗುತ್ತಿದ್ದೆವು. ಅಂಗಡಿಯವನು ಅವನ್ನೆಲ್ಲ ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟು ಕೂಲಿಯನ್ನು ತೆಗೆದುಕೊಳ್ಳುತ್ತಿದ್ದನು. ನಾವು ಹಣ ಕೊಟ್ಟೆವು, ಸಂತೋಷದಿಂದಲೇ ಕೊಟ್ಟೆವು; ಅದರಲ್ಲಿ ಒಂದು ಕಾಸಾದರೂ ಗಾಯಕರಿಗೆ ಸಲ್ಲಲಿಲ್ಲ, ಸಲ್ಲಬೇಕೆಂಬ ಯೋಚನೆಯೂ ನಮಗೆ ಬರಲಿಲ್ಲ. ಮುಂದೆ ಮೊಬೈಲು ಬಂದಾಗ ಅದೇ ಅಂಗಡಿಯವರು ಮೆಮೊರಿ ಕಾರ್ಡಿಗೆ ನೂರಾರು ಹಾಡುಗಳನ್ನು ತುಂಬಿಸಿಕೊಡತೊಡಗಿದರು. ಇದಕ್ಕಿಂತಲೂ ವಿಚಿತ್ರವಾದುದು ಕಾಲರ್ ಟ್ಯೂನಿನ ಕಥೆ. ಅಂತರ್ಜಾಲದ ಹಾಡಿಗೆ ಒಂದು ಕಾಸನ್ನೂ ಕೊಡೆನೆಂದ ಮನುಷ್ಯನೇ, ತನಗೆ ಫೋನು ಮಾಡುವವರ ಕಿವಿಗೆ ಬೀಳುವ ಹಾಡಿಗಾಗಿ ತಿಂಗಳಿಗೆ ಮೂವತ್ತು ರೂಪಾಯಿಯಷ್ಟನ್ನು ವರ್ಷಗಟ್ಟಲೆ ಕೊಟ್ಟನು. ತಾನು ಕೇಳದ ಹಾಡಿಗೆ ಕೊಟ್ಟ ಹಣವಲ್ಲವೆ ಇದು! ನಮ್ಮ ಜನರಲ್ಲಿ ಹಣ ಕೊಡುವ ಮನಸ್ಸಿಲ್ಲವೆಂದು ದೂರುವವರು ಇದಕ್ಕೆ ಏನು ಸಮಾಧಾನ ಹೇಳುವರೊ ತಿಳಿಯದು. 2025ರ ಜನವರಿಯಲ್ಲಿ ಅಹಮದಾಬಾದಿನ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡದವರು ಹಾಡಿದಾಗ ಸಾವಿರಾರು ರೂಪಾಯಿನ ಟಿಕೀಟುಗಳಿಗಾಗಿ ಎಷ್ಟು ನೂಕುನುಗ್ಗಲಾಯಿತೆಂಬುದನ್ನೂ ಇಲ್ಲಿಯೇ ಸೇರಿಸಿಕೊಳ್ಳಬಹುದು.

ಈಗಿನ ಸ್ಥಿತಿಯೂ ಇದಕ್ಕೆ ಹೊರತಲ್ಲ. ಭಾರತದಲ್ಲಿ ಸ್ಟ್ರೀಮಿಂಗಿನ ಮೂಲಕ ಹಾಡು ಕೇಳುವವರಲ್ಲಿ ಚಂದಾ ಕೊಡುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಉಳಿದವರು ಕೊಡುವುದೇ ಇಲ್ಲವೆ? ಕೊಡುತ್ತಾರೆ, ಬೇರೆ ಬಾಗಿಲಿನಲ್ಲಿ ಕೊಡುತ್ತಾರೆ. 2016ರಲ್ಲಿ ಜಿಯೋ ಬಂದು ಅಂತರ್ಜಾಲದ ಬೆಲೆಯು ತಟ್ಟನೆ ಕುಸಿದ ಮೇಲೆ, ಫೋನಿಗೆ ರೀಚಾರ್ಜು ಮಾಡಿಸಿದವನಿಗೆ ಹಾಡನ್ನು ಕೊಸರಾಗಿ ಕೊಡುವ ಪದ್ಧತಿಯು ಬಲವಾಯಿತು. ತರಕಾರಿಯ ಜೊತೆಗೆ ಕರಿಬೇವಿನಂತೆ ಬಂದ ಸಂಗೀತಕ್ಕೆ ಬೆಲೆಯುಂಟೆಂದು ಕೊಳ್ಳುವವನಿಗೆ ತೋರದಿದ್ದರೆ ಆಶ್ಚರ್ಯವೇನು? 2022ರಲ್ಲಿ ಗಾನಾ ಸಂಸ್ಥೆಯು ಚಂದಾದಾರರಿಗೆ ಮಾತ್ರ ಹಾಡೆಂದು ನಿಯಮವನ್ನು ಮಾರ್ಪಡಿಸಿತು. 2024ರಲ್ಲಿ ರೆಸ್ಸೋ ಭಾರತದಲ್ಲಿ ಬಾಗಿಲು ಹಾಕಿತು. ಅದೇ ವರ್ಷ ವಿಂಕ್ ಕೂಡ ನಿಂತಿತು. ಕೊಸರನ್ನು ಕೊಟ್ಟು ಅಂಗಡಿಯನ್ನು ನಡೆಸುವುದು ಎಷ್ಟು ಕಷ್ಟವೆಂಬುದಕ್ಕೆ ಇಷ್ಟು ಸಾಕು.

ಆದುದರಿಂದ, ಜನರು ಕೊಡುತ್ತಾರೆಯೆ ಎಂಬ ಪ್ರಶ್ನೆಗೆ ಕೊಡುತ್ತಾರೆ, ಎಂದೂ ಏನಾದರೊಂದು ರೀತಿಯಲ್ಲಿ ಕೊಡುತ್ತಲೇ ಬಂದಿದ್ದಾರೆ ಎಂದು ಉತ್ತರ ಹೇಳಬೇಕಾಗಿದೆ. ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಅರಿತು, ಬಯಸಿ, ತಿಂಗಳುತಿಂಗಳೂ ಚಂದಾ ಕಟ್ಟುವ ಆ ಅಲ್ಪಸಂಖ್ಯಾತನ ಹಣವು ಏನಾಗುತ್ತದೆ?

ಸಾಮಾನ್ಯವಾಗಿ ಎಲ್ಲರೂ ಹೀಗೆ ತಿಳಿದಿರುತ್ತಾರೆ: ನಾನು ನೂರು ರೂಪಾಯಿ ಕೊಟ್ಟು ಒಬ್ಬ ವೈಣಿಕರನ್ನು ಮಾತ್ರ ಕೇಳಿದರೆ, ಕಂಪೆನಿಯ ಪಾಲು ಕಳೆದು ಉಳಿದುದು ಆ ವೈಣಿಕರಿಗೂ ಅವರ ತಟ್ಟೆಯನ್ನು ಹೊರಡಿಸಿದವರಿಗೂ ಸಲ್ಲುತ್ತದೆ. ಇದು ತಪ್ಪು. ಹೆಚ್ಚಿನ ಸಂಸ್ಥೆಗಳಲ್ಲಿ ರೂಢಿಯಾಗಿರುವ ಕ್ರಮದಂತೆ ಎಲ್ಲ ಚಂದಾದಾರರ ಹಣವೂ ಒಂದೇ ರಾಶಿಗೆ ಸೇರುತ್ತದೆ. ಸ್ಪಾಟಿಫೈ ತನ್ನ ಆದಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹಕ್ಕುದಾರರಿಗೆ ಕೊಡುತ್ತದೆ. 2024ರಲ್ಲಿ ಹೀಗೆ ಕೊಟ್ಟುದು 1,000 ಕೋಟಿ ಡಾಲರುಗಳೆಂದು ಆ ಸಂಸ್ಥೆಯೇ ಸಾರಿಕೊಂಡಿದೆ. ಆ ರಾಶಿಯನ್ನು ಒಟ್ಟು ಕೇಳಿಕೆಗಳ ಸಂಖ್ಯೆಯ ಪ್ರಕಾರ ಹಂಚಲಾಗುತ್ತದೆ. ಯಾರು ಕೇಳಿದರು, ಯಾರ ಹಣ, ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಚಂದಾದಾರರು ಇಬ್ಬರೇ ಎಂದಿಟ್ಟುಕೊಳ್ಳೋಣ. ಇಬ್ಬರೂ ನೂರು ನೂರು ರೂಪಾಯಿ ಕೊಡುತ್ತಾರೆ. ಒಬ್ಬರು ವೀಣೆಯನ್ನು ಬಿಟ್ಟು ಬೇರೆ ಕೇಳದವರು. ತಿಂಗಳಿನಲ್ಲಿ ಅರ್ಧಗಂಟೆಯ ಇಪ್ಪತ್ತು ಕೃತಿಗಳನ್ನು, ಎಂದರೆ ಹತ್ತು ಗಂಟೆ, ಮನಸ್ಸಿಟ್ಟು ಕೇಳಿದರು. ಇನ್ನೊಬ್ಬರು ಅಂಗಡಿಯನ್ನು ಇಟ್ಟಿರುವವರು. ಗಿರಾಕಿಗಳಿಗೆ ಬೇಸರವಾಗದಿರಲೆಂದು ಮೂರು ನಿಮಿಷದ ಸಿನಿಮಾ ಹಾಡುಗಳನ್ನು ಹಚ್ಚಿಟ್ಟರು. ತಿಂಗಳಿಗೆ 980 ಹಾಡು, 49 ಗಂಟೆ. ಕಂಪೆನಿಯು ನೂರಕ್ಕೆ ಮೂವತ್ತರಂತೆ 60 ರೂಪಾಯಿಯನ್ನು ಹಿಡಿದುಕೊಂಡು 140 ರೂಪಾಯಿಯನ್ನು ಸಾವಿರ ಕೇಳಿಕೆಗಳಿಗೆ ಹಂಚುತ್ತದೆ. ಒಂದಕ್ಕೆ 14 ಪೈಸೆ. ವೀಣೆಗೆ ಸಲ್ಲುವುದು 2 ರೂಪಾಯಿ 80 ಪೈಸೆ. ವೀಣಾಪ್ರಿಯರು ಕೊಟ್ಟ ಹಣದಲ್ಲಿ ಸಂಗೀತಕ್ಕೆಂದು ಉಳಿದುದು 70 ರೂಪಾಯಿ. ಅದರಲ್ಲಿ 67 ರೂಪಾಯಿ 20 ಪೈಸೆಯು ಅವರು ಕಿವಿಗೂ ಹಾಕಿಕೊಳ್ಳದ ಹಾಡುಗಳ ಪಾಲಾಯಿತು. ಕೇಳಿದ ಹೊತ್ತನ್ನು ಹಿಡಿದು ಹಂಚಿದ್ದರೆ ವೀಣೆಗೆ ಸುಮಾರು 23 ರೂಪಾಯಿ 73 ಪೈಸೆ ಬರುತ್ತಿತ್ತು. ಅವರವರ ಹಣವನ್ನು ಅವರವರು ಕೇಳಿದುದಕ್ಕೆ ಹಂಚಿದ್ದರೆ 70 ರೂಪಾಯಿಯೂ ಬರುತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ಕಣದಲ್ಲಿಯೇ ಆಯಗಾರರಿಗೆ ಧಾನ್ಯವನ್ನು ಅಳೆದುಕೊಡುವ ಪದ್ಧತಿಯಿದ್ದಿತು. ಬಡಗಿಯೂ ಕಮ್ಮಾರನೂ ಯಾರ ನೇಗಿಲನ್ನು ಸರಿಮಾಡಿದರೊ ಅವರ ಕಣದಿಂದಲೇ ಕಾಳನ್ನು ಪಡೆಯುತ್ತಿದ್ದರು. ಹೊಸ ಏರ್ಪಾಡಿನಲ್ಲಿ ಊರಿನ ಕಣಗಳ ಕಾಳೆಲ್ಲವೂ ದೂರದ ಪೇಟೆಯೊಂದರಲ್ಲಿ ಒಂದೇ ರಾಶಿಯಾಗಿ, ಯಾರ ಸುತ್ತಿಗೆ ಎಷ್ಟು ಸಲ ಸದ್ದುಮಾಡಿತೆಂದು ಎಣಿಸಿ ಹಂಚಲ್ಪಡುತ್ತದೆ. ಸುತ್ತಿಗೆಯ ಸದ್ದು ಹೆಚ್ಚಾದವನಿಗೆ ಕಾಳು ಹೆಚ್ಚು. ಸಣ್ಣ ಉಳಿಯಿಂದ ನಿಧಾನವಾಗಿ ಕೆಲಸಮಾಡುವವನ ಗತಿಯೇನು?

ಈ ಎಣಿಕೆಯ ಕ್ರಮವು ಕೇವಲ ಹಣದ ವಿಷಯವಾಗಿದ್ದರೆ ಇಂತಹ ಪತ್ರಿಕೆಯಲ್ಲಿ ಅದನ್ನು ಚರ್ಚಿಸುವ ಅಗತ್ಯವಿರುತ್ತಿರಲಿಲ್ಲ. ಇದು ಸಂಗೀತದ ರೂಪವನ್ನೇ ಮುಟ್ಟುವ ವಿಷಯ. ಸ್ಪಾಟಿಫೈಯ ಲೆಕ್ಕದಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಕೇಳಿಕೆಯಾಗುತ್ತದೆ. ಆಮೇಲೆ ಅದು ಎರಡು ನಿಮಿಷವಿದ್ದರೂ ಐವತ್ತು ನಿಮಿಷವಿದ್ದರೂ ಒಂದೇ. ವಿಸ್ತಾರವಾದ ರಾಗ ತಾನ ಪಲ್ಲವಿಯೊಂದನ್ನು ಆದಿಯಿಂದ ಅಂತ್ಯದ ವರೆಗೆ ಕೇಳುವಷ್ಟು ಹೊತ್ತಿನಲ್ಲಿ ಚಿಕ್ಕ ಹಾಡುಗಳಿಗೆ ಇಪ್ಪತ್ತು ಕೇಳಿಕೆಗಳಾಗುತ್ತವೆ. ಮೂವತ್ತು ಸೆಕೆಂಡಿನಲ್ಲಿ ನಮ್ಮ ವಿದ್ವಾಂಸರು ತೋಡಿಯ ಗಾಂಧಾರದ ಹತ್ತಿರಕ್ಕೂ ಬಂದಿರುವುದಿಲ್ಲ. ತಂಬೂರಿಯ ಶ್ರುತಿ ಆಗತಾನೆ ಕಿವಿಗೆ ಹಿಡಿಯುತ್ತಿರುತ್ತದೆ. ಗ್ರಾಮಫೋನಿನ ತಟ್ಟೆಯೂ ಸಂಗೀತವನ್ನು ಮೂರು ನಿಮಿಷಕ್ಕೆ ಕತ್ತರಿಸಿತಲ್ಲವೆ ಎಂದು ಆಕ್ಷೇಪಿಸಬಹುದು. ಕತ್ತರಿಸಿತು, ನಿಜ. ಆದರೆ ಅದು ಮೇಣದ ಮತ್ತು ಯಂತ್ರದ ಮಿತಿಯಾಗಿದ್ದಿತು. ಗಾಯಕರು ಆ ಮಿತಿಯೊಳಗೆ ರಾಗದ ಸಾರವನ್ನು ಹಿಂಡಿ ಇಟ್ಟರು, ಆ ಸಂಕ್ಷೇಪದಲ್ಲಿಯೇ ಒಂದು ಕಲೆಯನ್ನು ಸಾಧಿಸಿದರು. ಈಗಿನ ಯಂತ್ರಕ್ಕೆ ಅಂತಹ ಮಿತಿಯಿಲ್ಲ. ಮೂರು ಗಂಟೆಯ ಕಚೇರಿಯನ್ನು ಕಡಿಯದೆ ಕೇಳಿಸಬಲ್ಲುದು. ನಮ್ಮ ಸಂಗೀತಕ್ಕೆ ಇಷ್ಟು ಅನುಕೂಲವಾದ ಉಪಕರಣವು ಹಿಂದೆಂದೂ ಬಂದಿರಲಿಲ್ಲ. ಅದರ ಲೆಕ್ಕದ ಪುಸ್ತಕವು ಆ ಅನುಕೂಲವನ್ನು ಕಸಿದುಕೊಂಡಿದೆ. ತಟ್ಟೆಯ ದೋಷವು ದ್ರವ್ಯದ ದೋಷ, ಇದು ಬುದ್ಧಿಪೂರ್ವಕವಾಗಿ ಮಾಡಿದ ನಿಯಮದ ದೋಷ. ಬೇಕೆಂದರೆ ನಾಳೆಯೇ ತಿದ್ದಬಹುದಾದುದು. 2024ರಿಂದ ಇನ್ನೊಂದು ನಿಯಮವೂ ಬಂದಿದೆ: ಹನ್ನೆರಡು ತಿಂಗಳಲ್ಲಿ ಸಾವಿರ ಕೇಳಿಕೆಗಳನ್ನು ಮುಟ್ಟದ ಹಾಡಿಗೆ ಆ ಸಂಸ್ಥೆಯಲ್ಲಿ ಮುದ್ರಣದ ಪಾಲು ಸಲ್ಲುವುದೇ ಇಲ್ಲ. ಅಂತಹ ಹಾಡಿಗೆ ಬರುತ್ತಿದ್ದುದು ಚಿಲ್ಲರೆ ಕಾಸೆಂಬುದು ಅವರ ಸಮರ್ಥನೆ. ಗಮಕವಾಚನ, ತಾಳಮದ್ದಳೆ, ಅಪೂರ್ವವಾದ ಒಂದು ದೇವರನಾಮ ಇವುಗಳಿಗೆ ವರ್ಷಕ್ಕೆ ಎಂಟುನೂರು ಮಂದಿ ರಸಿಕರು ಸಿಕ್ಕಿದರೆ ನಾವು ಸಂತೋಷಪಡುತ್ತೇವೆ. ಅಲ್ಲಿಯ ಲೆಕ್ಕದಲ್ಲಿ ಅವರು ಸೊನ್ನೆ.

ಅವರವರ ಹಣವನ್ನು ಅವರವರು ಕೇಳಿದವರಿಗೇ ಕೊಡುವ ಕ್ರಮವು ಸಾಧ್ಯವಿಲ್ಲದ್ದೇನೂ ಅಲ್ಲ. ಸೌಂಡ್‌ಕ್ಲೌಡ್ ಎಂಬ ಸಂಸ್ಥೆಯು 2021ರಲ್ಲಿ ಸ್ವತಂತ್ರ ಕಲಾವಿದರ ಮಟ್ಟಿಗೆ ಅದನ್ನು ಆಚರಣೆಗೆ ತಂದಿತು. ಆದರೆ ಪ್ರಾಮಾಣಿಕರಾದ ವಿಮರ್ಶಕರು ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ಫ್ರಾನ್ಸಿನ ರಾಷ್ಟ್ರೀಯ ಸಂಗೀತ ಕೇಂದ್ರವು ಈ ಮಾರ್ಪಾಟಿನ ಫಲವೇನಾದೀತೆಂದು ಲೆಕ್ಕಹಾಕಿಸಿ 2021ರಲ್ಲಿ ವರದಿಯನ್ನು ಪ್ರಕಟಿಸಿತು. ಅದರಂತೆ ಶಾಸ್ತ್ರೀಯ ಸಂಗೀತಕ್ಕೆ ಲಾಭವಾಗುತ್ತದೆ, ರ‍್ಯಾಪ್ ಮುಂತಾದುವುಗಳಿಗೆ ನಷ್ಟವಾಗುತ್ತದೆ. ಅತ್ಯಂತ ಹೆಚ್ಚು ಗಳಿಸುವವರ ಪಾಲು ತಗ್ಗುತ್ತದೆ. ಆದರೆ ಕೆಳಗಿನ ಸಾಲಿನಲ್ಲಿರುವ ಸಣ್ಣ ಕಲಾವಿದರಿಗೆ ಒಬ್ಬೊಬ್ಬರಿಗೆ ವರ್ಷಕ್ಕೆ ಆಗುವ ವ್ಯತ್ಯಾಸವು ಕೆಲವೇ ಯೂರೋಗಳು. ಮೇಲಿನ ನನ್ನ ಉದಾಹರಣೆಯಲ್ಲಿ ಚಂದಾದಾರರು ಇಬ್ಬರೇ ಆದುದರಿಂದ ವ್ಯತ್ಯಾಸವು ಬೆಟ್ಟದಂತೆ ಕಂಡಿತು. ಕೋಟ್ಯಂತರ ಮಂದಿ ಸೇರಿದ ಕಡೆ ಅದು ಬಹುಮಟ್ಟಿಗೆ ಸಮನಾಗುತ್ತದೆ. ಆದ್ದರಿಂದ ಹಂಚಿಕೆಯನ್ನು ತಿದ್ದಿದ ಮಾತ್ರಕ್ಕೆ ನಮ್ಮ ವೈಣಿಕರ ಮನೆಯಲ್ಲಿ ಭಾಗ್ಯಲಕ್ಷ್ಮಿಯು ನೆಲಸುವಳೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಹಾಗಾದರೆ ಇಷ್ಟು ವಾದವೇಕೆ? ಕೊಟ್ಟ ಹಣವು ಕೊಟ್ಟವನ ಮೆಚ್ಚುಗೆಯನ್ನು ಹೊತ್ತುಕೊಂಡು ಹೋಗಬೇಕೆಂಬುದೇ ನನ್ನ ವಾದ. ಕಚೇರಿ ಮುಗಿದ ಮೇಲೆ ತಾಂಬೂಲದೊಡನೆ ಸಂಭಾವನೆಯನ್ನು ಕೊಡುವಾಗ ಮೊತ್ತವು ಚಿಕ್ಕದೆಂದು ವಿದ್ವಾಂಸರು ನೊಂದುಕೊಂಡದ್ದುಂಟು. ಅದು ಯಾರು, ಏತಕ್ಕಾಗಿ, ಕೊಟ್ಟದ್ದೆಂಬ ಸಂದೇಹವು ಅವರಿಗೆ ಎಂದೂ ಬರಲಿಲ್ಲ. ಹತ್ತು ರೂಪಾಯಿಯ ಕ್ಯಾಸೆಟ್ಟು ಹೆಚ್ಚಾಗಿ ಮಾರಿದರೂ ಅದರಿಂದ ಇಂತಹ ಹಾಡು ಇಂತಿಷ್ಟು ಜನಕ್ಕೆ ಬೇಕಾಗಿದೆಯೆಂಬ ಸುದ್ದಿಯು ಹಾಡಿದವರಿಗೆ ತಲಪುತ್ತಿತ್ತು. ಈಗಿನ ರಾಶಿಯಲ್ಲಿ ಆ ಸುದ್ದಿಯು ಕಳೆದುಹೋಗುತ್ತದೆ. ವೀಣೆಗಾಗಿಯೇ ಚಂದಾ ಕಟ್ಟಿದವರು ಮುಂದಿನ ತಿಂಗಳು ಕಟ್ಟುವುದನ್ನು ಬಿಟ್ಟರೆ, ವೀಣೆಯ ಆದಾಯದಲ್ಲಿ ಅದರ ಸುಳಿವು ಬಹಳ ಕಾಲ ಕಾಣುವುದೇ ಇಲ್ಲ. ರಸಿಕನಿಗೂ ಕಲಾವಿದನಿಗೂ ನಡುವೆ ಇದ್ದ ಈ ಒಂದು ಮಾತುಕತೆಯು ನಿಂತುಹೋದ ಮೇಲೆ, 2,960 ಕೋಟಿಯೆಂಬ ಅಂಕಿಯು ಸಂಗೀತದ ಆರೋಗ್ಯವನ್ನು ಕುರಿತು ಏನನ್ನೂ ತಿಳಿಸಲಾರದು.

ಕಡೆಯದಾಗಿ, ಸಾಹಿತ್ಯಾಸಕ್ತರಿಗೆ ನೇರವಾಗಿ ಸಂಬಂಧಪಟ್ಟ ವಿಷಯವೊಂದುಂಟು. ಹಾಡೆಂದರೆ ಧ್ವನಿಯೊಂದೇ ಅಲ್ಲ, ಮಾತೂ ಉಂಟಷ್ಟೆ. ಮಾತನ್ನು ಬರೆದ ಕವಿಗೆ ಏನು ಸಲ್ಲುತ್ತದೆ? ನಮ್ಮ ಕಾನೂನು ಈ ವಿಷಯದಲ್ಲಿ ಬಹಳ ಕಾಲ ಕವಿಗೆ ವಿರೋಧವಾಗಿಯೇ ಇದ್ದಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಲನಚಿತ್ರಕ್ಕಾಗಿ ಹಣ ಪಡೆದು ಬರೆದ ಹಾಡಿನ ಹಕ್ಕು ಸಾಮಾನ್ಯವಾಗಿ ನಿರ್ಮಾಪಕನದೆಂದು ತೀರ್ಮಾನಿಸಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಹಾಡುವವರಿಗೆ ಆ ಕಾನೂನಿನಲ್ಲಿ ಏನೂ ಹಕ್ಕಿಲ್ಲದಿರುವುದನ್ನು ಕಂಡು ವಿಷಾದಪಟ್ಟರು. ಹಾಡುವವರಿಗೆ 1994ರ ತಿದ್ದುಪಡಿಯಿಂದ ಸ್ವಲ್ಪ ಹಕ್ಕು ದೊರೆಯಿತು. ಮಾತು ಬರೆದವರಿಗೂ ಸ್ವರ ಹಾಕಿದವರಿಗೂ, ಹಕ್ಕನ್ನು ಇತರರಿಗೆ ವಹಿಸಿಕೊಟ್ಟಿದ್ದರೂ, ಮುಂದಿನ ಬಳಕೆಗಳಿಂದ ಬರುವ ಆದಾಯದಲ್ಲಿ ಸಮಪಾಲು ಸಿಕ್ಕಬೇಕೆಂದು ವಿಧಿಸಿದುದು 2012ರ ತಿದ್ದುಪಡಿ. ಇದು ದೊಡ್ಡ ಲಾಭ. ಆದರೆ ಕಾನೂನು ಕೊಟ್ಟ ಪಾಲು ಕೈಗೆ ಬರಬೇಕಾದರೆ ಇಂತಹ ಮಾತು ಇಂತಹವರದೆಂದು ಎಲ್ಲಿಯಾದರೂ ದಾಖಲೆಯಾಗಿರಬೇಕು. ಹಣವನ್ನು ಸಂಗ್ರಹಿಸಿ ಹಂಚುವ ಐ.ಪಿ.ಆರ್.ಎಸ್. ಸಂಸ್ಥೆಯು ತನ್ನ ಸದಸ್ಯರಿಗೆ, ಅವರ ಹೆಸರಿನಲ್ಲಿ ದಾಖಲಾಗಿರುವ ಕೃತಿಗಳಿಗೆ ಮಾತ್ರ ಕೊಡಬಲ್ಲುದು.

ಇಲ್ಲಿ ಕನ್ನಡದ ಸ್ಥಿತಿಯು ಶೋಚನೀಯವಾಗಿದೆ. 1978ರಲ್ಲಿ ಹೊರಬಂದು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಪ್ರಸಿದ್ಧವಾಗಿರುವ ‘ನಿತ್ಯೋತ್ಸವ’ದಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಸ್ವರ ಹಾಕಿದವರು ಮೈಸೂರು ಅನಂತಸ್ವಾಮಿಯವರು. ಕವಿಯ ಹೆಸರು ಮುಂದೆ, ಸಂಗೀತಗಾರರ ಹೆಸರು ಅದರ ಪಕ್ಕದಲ್ಲಿ: ಭಾವಗೀತೆಗಳ ಕ್ಯಾಸೆಟ್ಟುಗಳಲ್ಲಿ ಅದೇ ಮರ್ಯಾದೆಯು ನಡೆದುಬಂದಿತು. ಡಬ್ಬಿಯೊಳಗಿನ ಮಡಿಸಿದ ಕಾಗದದಲ್ಲಿ ಯಾವ ಕವಿತೆ ಯಾರದು, ಹಾಡಿದವರು ಯಾರು ಎಂಬುದು ಕನ್ನಡ ಅಕ್ಷರಗಳಲ್ಲಿಯೇ ಅಚ್ಚಾಗಿರುತ್ತಿತ್ತು. ಈಗ ಅವೇ ಹಾಡುಗಳನ್ನು ಫೋನಿನಲ್ಲಿ ಹುಡುಕಿದರೆ ಹೆಸರು ಬಹುಮಟ್ಟಿಗೆ ರೋಮನ್ ಅಕ್ಷರಗಳಲ್ಲಿ ಬರುತ್ತದೆ. ಗಾಯಕರ ಹೆಸರು ಕಾಣುತ್ತದೆ, ಕಂಪೆನಿಯ ಹೆಸರು ತಪ್ಪದೆ ಕಾಣುತ್ತದೆ, ಕವಿಯ ಹೆಸರನ್ನು ಮೂರು ನಾಲ್ಕು ಕಡೆ ಒತ್ತಿ ಹುಡುಕಿದರೂ ಕೆಲವೊಮ್ಮೆ ಸಿಕ್ಕುವುದಿಲ್ಲ. ವಚನಕಾರರೂ ದಾಸರೂ ತಮ್ಮ ಅಂಕಿತವನ್ನು ಹಾಡಿನ ಒಳಗೇ ಇಟ್ಟುಕೊಂಡಿದ್ದುದರಿಂದ ಯಾವ ಕಂಪೆನಿಯೂ ಅವರ ಹೆಸರನ್ನು ಅಳಿಸಲಾರದು. ಗೌಹರ್ ಜಾನಳು ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಹೊಸಗನ್ನಡದ ಕವಿಗಳು ಅಂಕಿತವನ್ನು ಬಿಟ್ಟರು. ನಮ್ಮ ಕಾನೂನಿನಂತೆ ಕವಿಯ ಹಕ್ಕು ಅವನು ತೀರಿದ ಮೇಲೂ ಅರವತ್ತು ವರ್ಷವಿರುತ್ತದೆ. ಬೇಂದ್ರೆಯವರು ತೀರಿಕೊಂಡುದು 1981ರಲ್ಲಿ, ಕುವೆಂಪು 1994ರಲ್ಲಿ, ನರಸಿಂಹಸ್ವಾಮಿಯವರು 2003ರಲ್ಲಿ, ನಿಸಾರ್ ಅಹಮದರು 2020ರಲ್ಲಿ. ಇವರೆಲ್ಲರ ಪಾಲೂ ಇನ್ನು ಎಷ್ಟೋ ವರ್ಷ ಯಾರಿಗಾದರೂ ಸಲ್ಲತಕ್ಕದ್ದಾಗಿಯೇ ಇರುತ್ತದೆ.

ಯಾವ ಕವಿತೆಯನ್ನು ಯಾವ ವರ್ಷ, ಯಾರ ಸ್ವರಸಂಯೋಜನೆಯಲ್ಲಿ, ಯಾರು ಹಾಡಿದರೆಂಬುದಕ್ಕೆ ಪೂರ್ಣವಾದ ಪಟ್ಟಿಯೊಂದನ್ನು ಸಿದ್ಧಪಡಿಸುವುದು ವಿದ್ವತ್ಸಂಸ್ಥೆಗಳು ಕೈಕೊಳ್ಳಬಹುದಾದ ಕೆಲಸ. ಶಾಸನಗಳನ್ನೂ ಓಲೆಗರಿಗಳನ್ನೂ ಸೂಚಿಮಾಡಿದವರಿಗೆ ಇದು ಕಷ್ಟವಾಗಲಾರದು, ಆದರೆ ತಡಮಾಡುವಂತಿಲ್ಲ. ಕ್ಯಾಸೆಟ್ಟಿನ ನಾಡವು ಅನೇಕ ಮನೆಗಳಲ್ಲಿ ಆಗಲೇ ಹಾಳಾಗಿದೆ. ಡಬ್ಬಿಯೊಳಗಿನ ಕಾಗದಗಳು ಮಾಸಿ, ಮಡಿಕೆಯಲ್ಲಿ ಹರಿದಿದ್ದರೂ, ಅವುಗಳ ಮೇಲಿನ ಹೆಸರುಗಳನ್ನು ಇನ್ನೂ ಓದಬಹುದಾಗಿದೆ.